ಬೋನ್ಸಾಯ್‌ಗೆ ಆಸ್ಟ್ರೇಲಿಯಾದ ಮರ: ಫಿಗ್, ಬ್ಯಾಂಕ್ಸಿಯಾ ಅಥವಾ ಪೇಪರ್‌ಬಾರ್ಕ್?

ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ನೆಲೆಸಿ, ಆ ನೆಲದ ಮರವನ್ನೇ ಬೋನ್ಸಾಯ್ ಮಾಡಬಯಸುವವರು ಸಾಮಾನ್ಯವಾಗಿ ಪೋರ್ಟ್ ಜಾಕ್ಸನ್ ಫಿಗ್, ಬ್ಯಾಂಕ್ಸಿಯಾ ಮತ್ತು ಪೇಪರ್‌ಬಾರ್ಕ್‌ಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ನರ್ಸರಿಯ ಎಳೆಯ ಸಸಿಗೆ ಮೂರಕ್ಕೂ ಹೆಚ್ಚು ಖರ್ಚಿಲ್ಲ, ವ್ಯತ್ಯಾಸವಿರುವುದು ಆರೈಕೆಯಲ್ಲಿ.

ತಾಳಿಕೆಯಲ್ಲಿ ಫಿಗ್ ಮುಂದಿದೆ. ನಮ್ಮ ಆಲದ ಕುಲಕ್ಕೇ ಸೇರಿದ ಈ ಮರ, ಬೆಚ್ಚಗಿನ ತಿಂಗಳುಗಳಲ್ಲಿ ಬೇರನ್ನು ಧಾರಾಳವಾಗಿ ಕತ್ತರಿಸಿದರೂ ಚೇತರಿಸಿಕೊಳ್ಳುತ್ತದೆ. ಆದರೆ ಕ್ಯಾನ್‌ಬೆರಾದಂತಹ ಕೊರೆಯುವ ಚಳಿಯ ಊರಿನಲ್ಲಿ ಅದಕ್ಕೆ ಮರೆ ಬೇಕು.

ಬ್ಯಾಂಕ್ಸಿಯಾದ ಕಷ್ಟವೇ ಬೇರೆ. ರಂಜಕ ತೀರಾ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆದು ಬಂದ ಇದರ ಬೇರುಗಳು ಸಿಕ್ಕಷ್ಟು ರಂಜಕವನ್ನೂ ಹೀರಿಕೊಳ್ಳುವುದರಿಂದ, ಇತರ ಗಿಡಗಳಿಗೆ ಹಾಕುವ ಗೊಬ್ಬರವೇ ಇದಕ್ಕೆ ವಿಷವಾಗಬಹುದು. ರಂಜಕ ಕಡಿಮೆಯಿರುವ, ಆಸ್ಟ್ರೇಲಿಯಾದ ದೇಶೀಯ ಸಸ್ಯಗಳಿಗೆಂದೇ ಇರುವ ಗೊಬ್ಬರವನ್ನೇ ಕೊಡಬೇಕು. ಕರಾವಳಿ ಬ್ಯಾಂಕ್ಸಿಯಾದ ಎಲೆಯನ್ನು ಮಗುಚಿದರೆ ಕಾಣುವ ಬೆಳ್ಳಿಬಿಳುಪು ಈ ಶ್ರಮಕ್ಕೆ ತಕ್ಕುದೆಂದೇ ನನ್ನ ಅಭಿಪ್ರಾಯ.

ನೀರಿನ ವಿಷಯದಲ್ಲಿ ಪೇಪರ್‌ಬಾರ್ಕ್ ವಿಶಿಷ್ಟ. ಜೌಗಿನಲ್ಲಿ ಬೆಳೆಯುವ ಜಾತಿಗಳ ಕುಂಡವನ್ನು ಬೇಸಿಗೆಯಲ್ಲಿ ನೀರಿನ ತಟ್ಟೆಯಲ್ಲೇ ಇಡಬಹುದು, ಆದರೆ ಒಣಗಲು ಬಿಟ್ಟರೆ ಕೊಂಬೆಗಳು ಸಾಯುತ್ತವೆ. ಪದರಪದರವಾಗಿ ಸುಲಿಯುವ ತೊಗಟೆಯಿಂದ ಎಳೆಯ ಕಾಂಡಕ್ಕೂ ವಯಸ್ಸಾದ ಕಳೆ ಬರುತ್ತದೆ.

ಹೊಸಬರಿಗೆ, ಬೆಚ್ಚಗಿನ ಊರಿನವರಿಗೆ ಫಿಗ್ ಸೂಕ್ತ. ನೀರು ಹಾಕುವುದರಲ್ಲಿ ಕೈ ಧಾರಾಳವಿದ್ದವರಿಗೆ ಪೇಪರ್‌ಬಾರ್ಕ್. ಗೊಬ್ಬರದ ಚೀಟಿ ಓದುವ ತಾಳ್ಮೆಯಿದ್ದು, ಹೂವೂ ಬೇಕೆನ್ನುವವರಿಗೆ ಬ್ಯಾಂಕ್ಸಿಯಾ.