ಕೂದಲು ಜೋಡಿಸಿಕೊಳ್ಳುವ ಮುನ್ನ ಓದಿ: ‘ಕೆರಾಟಿನ್’ ಎಂಬ ಮಾತಿಗೆ ನಾನು ಮೋಸಹೋದ ಬಗೆ

ಹೆರಿಗೆಯಾಗಿ ಐದು ತಿಂಗಳಾಗಿ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು ಬರುತ್ತಿದ್ದ ಸಮಯದಲ್ಲೇ ತಮ್ಮನ ಮದುವೆ ನಿಶ್ಚಯವಾಯಿತು. ಆ ಗಡಿಬಿಡಿಯಲ್ಲಿ ಬೆಂಗಳೂರಿನ ಒಂದು ಸಲೂನಿಗೆ ಹೋಗಿ 34,000 ರೂಪಾಯಿ ಕೊಟ್ಟು, ನಮ್ಮ ಕೂದಲಿಗೆ ಬೇರೆ ಕೂದಲನ್ನು ಜೋಡಿಸುವ ಹೇರ್ ಎಕ್ಸ್‌ಟೆನ್ಷನ್ ಹಾಕಿಸಿಕೊಂಡೆ. ಇಂದು ನನ್ನ ಎರಡೂ ಕಿವಿಗಳ ಮೇಲ್ಭಾಗದಲ್ಲಿ ಚರ್ಮ ಕಾಣುವಷ್ಟು ಕೂದಲು ಹೋಗಿದೆ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಮದುವೆಗಳ ಕಾಲದಲ್ಲಿ ನನ್ನಂತೆಯೇ ಕೂದಲು ತೆಳುವಾದ ಚಿಂತೆಯಲ್ಲಿ ಅದೇ ಕುರ್ಚಿಯಲ್ಲಿ ಹೋಗಿ ಕೂರುವವರು ಖಂಡಿತ ಇದ್ದಾರೆ.

ನಾನು ಕೇಳದೆ ಹಾಕಿಸಿಕೊಂಡವಳಲ್ಲ. ಮೂರು ಸಲ ಕೇಳಿದೆ. ನನ್ನ ಕೂದಲಿಗೆ ಏನೂ ಆಗುವುದಿಲ್ಲ ತಾನೆ ಎಂದು ಮೊದಲ ದಿನ ಕೇಳಿದಾಗ, “ಮೇಡಂ, ಇದು ನೂರಕ್ಕೆ ನೂರು ರೆಮಿ ಕೂದಲು, ತಿರುಪತಿದು” ಎಂದರು. ಮುಂಗಡ ಕೊಡುವಾಗ ಮತ್ತೆ ಕೇಳಿದೆ. ಆ ಕೂದಲಿನ ಗೊಂಚಲನ್ನೇ ನನ್ನ ಕೈಯಲ್ಲಿಟ್ಟು, “ಮುಟ್ಟಿ ನೋಡಿ, ರೇಷ್ಮೆ ಇದ್ದ ಹಾಗಿದೆ” ಎಂದರು. ಕುರ್ಚಿಯಲ್ಲಿ ಕೂತ ಮೇಲೆ ಮೂರನೆಯ ಸಲ, ಹೆರಿಗೆಯ ನಂತರ ಕೂದಲು ಉದುರುತ್ತಿದೆ, ಪ್ರತಿ ಭಾನುವಾರ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡುವ ರೂಢಿಯಿದೆ ಎಂದು ಬಿಡಿಸಿ ಹೇಳಿ ಕೇಳಿದಾಗ ಬಂದ ಉತ್ತರ ಇದು: “ಇದು ಕೆರಾಟಿನ್ ಬಾಂಡ್ ಮೇಡಂ. ಕೆರಾಟಿನ್ ಅಂದ್ರೆ ಕೂದಲಿನಲ್ಲೇ ಇರೋ ಪ್ರೋಟೀನ್. ನಿಮ್ಮ ಕೂದಲಿಗೆ ಟ್ರೀಟ್‌ಮೆಂಟ್ ಮಾಡಿಸಿದ ಹಾಗೆ ಆಗುತ್ತೆ.”

ಈ ಮಾತಿಗೇ ನಾನು ಬಿದ್ದದ್ದು. ಕೆರಾಟಿನ್ ಬಾಂಡ್ ಎಂದರೆ ಅಂಟು, ಅಷ್ಟೇ. ಒಂದೊಂದು ಗೊಂಚಲಿನ ತುದಿಯಲ್ಲಿರುವ ಆ ಅಂಟನ್ನು ಬಿಸಿ ಇಕ್ಕಳದಿಂದ ಕರಗಿಸಿ, ನಮ್ಮ ಬುಡದ ಹತ್ತಿರದ ಕೆಲವೇ ಎಳೆಗಳ ಸುತ್ತ ಬೆರಳಿನಿಂದ ಹೊಸೆದು ಗಟ್ಟಿಯಾಗಲು ಬಿಡುತ್ತಾರೆ. ಅದರ ಹೆಸರಿನಲ್ಲಿ ಪ್ರೋಟೀನ್ ಇದ್ದ ಮಾತ್ರಕ್ಕೆ ಕೂದಲಿಗೆ ಪೋಷಣೆ ಸಿಗುವುದಿಲ್ಲ. ನನಗೆ ಹಾಕಿದ್ದು ಸುಮಾರು ಒಂದೊಂದು ಗ್ರಾಂ ತೂಕದ 120 ಗೊಂಚಲುಗಳು. ಅಂದರೆ, ತಾನೇ ಉದುರಲು ಸಿದ್ಧವಾಗಿದ್ದ ಕೂದಲಿನ ಮೇಲೆ 120 ಗ್ರಾಂ ಭಾರವನ್ನು ಹಗಲೂ ರಾತ್ರಿ ನೇತುಹಾಕಿ ನನ್ನನ್ನು ಮನೆಗೆ ಕಳುಹಿಸಿದರು.

ಮೊದಲ ರಾತ್ರಿಯೇ ಮಗ್ಗುಲಾಗಿ ಮಲಗಲು ಆಗಲಿಲ್ಲ. ಬುಡದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ವಾಟ್ಸಾಪ್‌ನಲ್ಲಿ ಕೇಳಿದರೆ “ಮೂರು ದಿನ ಹಾಗೇ ಇರುತ್ತೆ, ಆಮೇಲೆ ಸೆಟ್ ಆಗುತ್ತೆ” ಎಂಬ ಉತ್ತರ ಬಂತು. ಹತ್ತು ದಿನವಾದರೂ ಹೋಗಲಿಲ್ಲ, ಕಿವಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಬುಡದಲ್ಲಿ ನೋವು ಬಂದರೆ ಅದು ಎಳೆತದ ಗುರುತು, ಹೊಂದಿಕೊಳ್ಳುವುದರ ಗುರುತಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ಮರುದಿನವೇ ತೆಗೆಸಿಬಿಡುತ್ತಿದ್ದೆ. ಮದುವೆ ಮುಗಿಯಿತು, ಫೋಟೋಗಳು ಚೆನ್ನಾಗಿಯೇ ಬಂದವು.

ನಾಲ್ಕನೆಯ ಸಲ ತಲೆಗೆ ಸ್ನಾನ ಮಾಡಿದ ದಿನ, ಕತ್ತಿನ ಹಿಂದಿನ ಕೂದಲೆಲ್ಲ ತೆಂಗಿನ ನಾರಿನಂತೆ ಗಂಟುಗಟ್ಟಿಕೊಂಡಿತು. ಅಮ್ಮ ಎರಡು ಗಂಟೆ ಕೂತು ಬಿಡಿಸಲು ನೋಡಿದರು. ಬಿಡಿಸುತ್ತಾ ಬಿಡಿಸುತ್ತಾ ಒಂದು ಗೊಂಚಲು ನನ್ನ ಕೂದಲ ಸಮೇತ ಅವರ ಕೈಗೇ ಬಂತು. ಅಮ್ಮ ಏನೂ ಹೇಳಲಿಲ್ಲ. ಮದುವೆಗೆ ತಮ್ಮ ಚೌರಿಯನ್ನೇ ಹಾಕಿ ಜಡೆ ಹೆಣೆದುಕೊಡುತ್ತೇನೆ ಎಂದು ಅವರು ಕೇಳಿಕೊಂಡಾಗ, ಅದು ಹಳೆಯ ಕಾಲದ್ದೆಂದು ಬೇಡವೆಂದಿದ್ದವಳು ನಾನೇ.

ಆ ಗೊಂಚಲನ್ನು ನೋಡುತ್ತಾ ಕೂತಾಗ ನನಗೆ ಹೊಳೆಯಿತು. ಮೂರು ಸಲವೂ ನಾನು ಕೇಳಿದ್ದು ನನ್ನ ಕೂದಲಿನ ಬಗ್ಗೆ. ಸಲೂನಿನವರು ಹೇಳಿದ್ದು ತಾವು ಮಾರುವ ಕೂದಲಿನ ಬಗ್ಗೆ, ತಾವು ಹಚ್ಚುವ ಅಂಟಿನ ಬಗ್ಗೆ. ನನ್ನ ತಲೆಯ ಬುಡವನ್ನು ಅವರು ಬೆರಳಿನಿಂದ ಬಿಡಿಸಿ ನೋಡಲೇ ಇಲ್ಲ. ಒಂದು ಸಲವೂ ನೋಡಲಿಲ್ಲ.

ಇನ್ನು ಆ ‘ರೆಮಿ’ ಮಾತು. ಎಲ್ಲ ಎಳೆಗಳ ಬುಡ ಒಂದೇ ಕಡೆಗೆ, ತುದಿ ಒಂದೇ ಕಡೆಗೆ ಇರುವಂತೆ ಜೋಡಿಸಿದ ಕೂದಲನ್ನು ಮಾತ್ರ ರೆಮಿ ಎನ್ನಬೇಕು. ಬಾಚಣಿಗೆಯಿಂದ ಉದುರಿದ ಕೂದಲಿನಲ್ಲಿ ಬುಡ ಯಾವುದು, ತುದಿ ಯಾವುದು ಎಂಬುದು ಬೆರೆತುಹೋಗಿರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಿನ್ನು, ಪಾತ್ರೆ ಕೊಟ್ಟು ಅಂಥ ಕೂದಲನ್ನು ಕೊಳ್ಳುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅದನ್ನು ಎಳೆ ಎಳೆಯಾಗಿ ಬಿಡಿಸಿ ಹದಮಾಡುವ ಕಸುಬನ್ನೇ ನಂಬಿದ ಮನೆಗಳಿವೆ. ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಉದುರಿದ ಕೂದಲಿನ ಹೊರಪದರವನ್ನು ಆಮ್ಲದಿಂದ ತೆಗೆದು, ಸಿಲಿಕೋನ್ ಲೇಪಿಸಿ ಮಿಂಚಿಸಿ, ರೆಮಿ ಎಂದು ಮಾರುವುದು ಮೋಸ. ಕೆಲವು ಸ್ನಾನಗಳಲ್ಲಿ ಲೇಪ ತೊಳೆದುಹೋಗುತ್ತದೆ, ಆಮೇಲೆ ಗಂಟು ಶುರುವಾಗುತ್ತದೆ. ನನ್ನದೂ ಹೀಗೆಯೇ ಆಯಿತು.

ಗಂಟಿನ ಫೋಟೋವನ್ನು ಸಲೂನಿಗೆ ಕಳುಹಿಸಿದೆ. ಮೊದಲ ಉತ್ತರ: “ಎಣ್ಣೆ ಹಚ್ಚಿದ್ರಾ ಮೇಡಂ?” ಬುಡಕ್ಕೆ ಎಣ್ಣೆ ತಾಗಿದರೆ ಬಾಂಡ್ ಸಡಿಲವಾಗುತ್ತದಂತೆ. ಎಣ್ಣೆ ಹಚ್ಚುತ್ತೇನೆಂದು ಮೊದಲೇ ಹೇಳಿದ್ದೆನಲ್ಲ ಎಂದರೆ ಉತ್ತರವಿಲ್ಲ. ಮರುದಿನ, “ನಿಮ್ಮದು ಬೋರ್‌ವೆಲ್ ನೀರಾ?” ಅದರ ಮರುದಿನ, “ನಮ್ಮಲ್ಲಿ ಯಾರಿಗೂ ಹೀಗೆ ಆಗಿಲ್ಲ.” ತೆಗೆದುಕೊಡಿ ಎಂದರೆ “ರಿಮೂವಲ್ ಚಾರ್ಜ್ 6,000.” ಹಾಕಿಸಿಕೊಳ್ಳುವಾಗ ತೆಗೆಯುವುದಕ್ಕೂ ದುಡ್ಡು ಎಂಬ ಮಾತನ್ನೇ ಎತ್ತಿರಲಿಲ್ಲ.

ಕೊನೆಗೆ ಬೇರೆ ಕಡೆ ತೆಗೆಸಿದೆ. ದ್ರಾವಣ ಹಾಕಿ, ಇಕ್ಕಳದಲ್ಲಿ ಬಾಂಡ್ ಪುಡಿಮಾಡಿ ಜಾರಿಸಲು ನಾಲ್ಕು ಗಂಟೆ ಹಿಡಿಯಿತು. ಜೊತೆಗೆ ಬಂದ ನನ್ನ ಕೂದಲಿನ ಉಂಡೆಯ ಫೋಟೋ ಕಳುಹಿಸಿದಾಗ ಸಲೂನಿನವರು ಹೇಳಿದ್ದು: “ದಿನಕ್ಕೆ ನೂರು ಕೂದಲು ಎಲ್ಲರಿಗೂ ಉದುರುತ್ತೆ ಮೇಡಂ, ಅದೇ ಒಳಗೆ ಸಿಕ್ಕಿಕೊಂಡಿದೆ.” ಈ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕಾಗಿಯೇ ನಂಬಿಬಿಡುತ್ತೇವೆ. ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ, ಬಾಂಡ್‌ನೊಳಗಿನವು ಅಲ್ಲೇ ಉಳಿಯುವುದೂ ಸಹಜ. ಆದರೆ ಸಹಜವಾಗಿ ಉದುರಿದ ಎಳೆಯ ತುದಿಯಲ್ಲಿ ಸಣ್ಣ ಬಿಳಿ ಬುಡವಿರುತ್ತದೆ. ನನ್ನ ಉಂಡೆಯಲ್ಲಿ ಎಷ್ಟೋ ಎಳೆಗಳು ನಡುವೆಯೇ ತುಂಡಾಗಿದ್ದವು.

ಚರ್ಮರೋಗ ತಜ್ಞೆ ನೋಡಿ ಟ್ರ್ಯಾಕ್ಷನ್ ಅಲೋಪೀಸಿಯಾ ಎಂದರು. ಎಡೆಬಿಡದ ಎಳೆತದಿಂದ ಬುಡ ಸೋತು ಕೂದಲು ಹೋಗುವುದು. ಬೇಗ ಬಂದದ್ದರಿಂದ ಮತ್ತೆ ಬೆಳೆಯುವ ನಿರೀಕ್ಷೆಯಿದೆ, ವರ್ಷಗಟ್ಟಲೆ ಹಾಗೇ ಬಿಟ್ಟಿದ್ದರೆ ಶಾಶ್ವತವಾಗಬಹುದಿತ್ತು ಎಂದರು. ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಇಂದಿಗೂ ಕೊರೆಯುತ್ತಿದೆ: ಹೆರಿಗೆಯ ನಂತರ ಉದುರುವ ಕೂದಲು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾನಾಗಿಯೇ ತುಂಬಿಕೊಳ್ಳುತ್ತದಂತೆ.

ಒಂದು ದಿನದ ಸಮಾರಂಭಕ್ಕೆ ಕ್ಲಿಪ್‌ನದ್ದೋ ಚೌರಿಯೋ ಸಾಕು. ರಾತ್ರಿ ತೆಗೆದಿಟ್ಟರೆ ಬುಡಕ್ಕೆ ಬಿಡುವು ಸಿಗುತ್ತದೆ. ಕ್ಲಿಪ್ಪನ್ನು ಮಾತ್ರ ತೆಳುವಾದ ಜಾಗಕ್ಕೆ ಸಿಕ್ಕಿಸಬೇಡಿ. ಬಾಣಂತಿಯರು, ಜ್ವರದಿಂದ ಎದ್ದವರು, ಕೂದಲು ಉದುರುತ್ತಿರುವವರು ಅಂಟು, ಟೇಪು ಅಥವಾ ಪುಟ್ಟ ಉಂಗುರದಿಂದ ಬುಡಕ್ಕೆ ಕೂಡಿಸುವ ಯಾವುದನ್ನೂ ಹಾಕಿಸಿಕೊಳ್ಳಬೇಡಿ, ಯಾರು ಏನೇ ಹೇಳಲಿ. ಹಾಕಿಸಿಕೊಳ್ಳಲೇಬೇಕೆಂದರೆ ಒಟ್ಟು ಎಷ್ಟು ಗ್ರಾಂ, ಯಾವ ವಿಧ, ತೆಗೆಯುವುದಕ್ಕೆ ಎಷ್ಟು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ಕರೆ ಮಾಡಿದಾಗ ಬಿಲ್ಲಿನಲ್ಲಿ ಏನಿದೆ ಎಂದು ಕೇಳಿದರು. ನನ್ನ ಬಿಲ್ಲಿನಲ್ಲಿ ರೆಮಿ ಎಂದಿಲ್ಲ, ಕೆರಾಟಿನ್ ಎಂದಿಲ್ಲ, ತೂಕವಿಲ್ಲ. ‘ಹೇರ್ ಸರ್ವಿಸ್, 34,000’ ಎಂದಷ್ಟೇ ಇದೆ.