ಹಳದಿ ಮೆಟ್ರೋ ಚೆನ್ನಾಗಿದೆ, ಆದರೆ ಒಂದು ಮಾತು ಹೇಳಲೇಬೇಕು

ಬೆಂಗಳೂರು ಮೆಟ್ರೋದ ಹಳದಿ ಮಾರ್ಗದಲ್ಲಿ ದಿನಾ ಆರ್.ವಿ. ರೋಡಿನಲ್ಲಿ ಹತ್ತಿ ಬೊಮ್ಮಸಂದ್ರದಲ್ಲಿ ಇಳಿಯುತ್ತೇನೆ. 19 ಕಿಲೋಮೀಟರ್, 16 ನಿಲ್ದಾಣ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ಶುರುವಾಗುವ ಮುಂಚೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸೊಳಗೆ ನಿಂತು ಬೆವರುತ್ತಿದ್ದೆ. ಈಗ ಮಗಳು ಮಲಗುವ ಮುಂಚೆ ಮನೆಯಲ್ಲಿರುತ್ತೇನೆ. ಬೋಗಿ ಚೊಕ್ಕವಾಗಿದೆ, ಎಸಿ ಚೆನ್ನಾಗಿದೆ, ಬೆಳಗ್ಗೆ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ.

ಬರೆಯಲು ಕೂತದ್ದು ಬೇರೆ ಕಾರಣಕ್ಕೆ. 2023ರ ಜನವರಿ 10ರಂದು ನಾಗವಾರದ ಹತ್ತಿರ ಇನ್ನೊಂದು ಮಾರ್ಗದ ಕಂಬಕ್ಕೆ ಕಟ್ಟಿದ್ದ ಕಂಬಿಗಳ ಹಂದರ ರಸ್ತೆಗೆ ಉರುಳಿ, ಗಾಡಿಯಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಲಕ್ಷಾಂತರ ಜನಕ್ಕೆ ಅನುಕೂಲ ಆಗುತ್ತಲ್ಲ ಅಂತ ಅದನ್ನು ಮರೆತುಬಿಡೋದಾ?

ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಪಾಠ ಮಾಡಿದ ಸ್ಕ್ಯಾನ್ಲನ್ ಅವರ 1998ರ ಪುಸ್ತಕದಲ್ಲಿ ಒಂದು ಸನ್ನಿವೇಶ ಬರುತ್ತದೆ. ಟಿ.ವಿ. ಸ್ಟೇಷನ್ನಿನ ಯಂತ್ರದಡಿ ಒಬ್ಬ ಸಿಕ್ಕಿಕೊಂಡಿದ್ದಾನೆ, ಶಾಕ್ ಹೊಡೆಯುತ್ತಿದೆ, ಬಿಡಿಸಬೇಕಾದರೆ ವಿಶ್ವಕಪ್ ಮ್ಯಾಚ್ ಪ್ರಸಾರವನ್ನು ಕಾಲು ಗಂಟೆ ನಿಲ್ಲಿಸಬೇಕು. ನೋಡುವವರು ಎಷ್ಟು ಕೋಟಿ ಇದ್ದರೂ ನಿಲ್ಲಿಸಲೇಬೇಕು ಅನ್ನುತ್ತಾರೆ ಅವರು. ಎಲ್ಲರ ಬೇಜಾರನ್ನೂ ಗುಡ್ಡೆ ಹಾಕಿ ಅವನೊಬ್ಬನ ನೋವಿನ ಎದುರು ತೂಗುವಂತಿಲ್ಲ. ಒಬ್ಬೊಬ್ಬರ ತಕರಾರನ್ನೂ ಬೇರೆಬೇರೆಯಾಗಿಯೇ ಕೇಳಬೇಕು.

ಹಾಗಾದರೆ ಮೆಟ್ರೋನೇ ಕಟ್ಟಬಾರದಾ? ಇಲ್ಲಿ ನಾನು ತುಂಬಾ ದಿನ ತಡವರಿಸಿದೆ. ಇಷ್ಟು ದೊಡ್ಡ ಕೆಲಸದಲ್ಲಿ ಯಾರಿಗೋ ಪೆಟ್ಟಾಗಬಹುದು, ಯಾರಿಗೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕಂಬಗಳ ಅಡಿಯಲ್ಲಿ ಓಡಾಡುವ ನನ್ನ ಪಾಲಿಗೆ ಆ ಸಣ್ಣ ಅಪಾಯಕ್ಕಿಂತ ಸಿಗುವ ಲಾಭ ಜಾಸ್ತಿ, ಅದಕ್ಕೆ ಒಪ್ಪುತ್ತೇನೆ. ಆದರೆ ಕಂಬದ ಮೇಲೆ ಕಂಬಿ ಕಟ್ಟುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ವಾ? ರೈಲು ಓಡುವ ಹೊತ್ತಿಗೆ ಎಷ್ಟೋ ಜನ ಈ ಊರೇ ಬಿಟ್ಟಿರುತ್ತಾರೆ. ಕೂಲಿ ಕೊಡ್ತೀವಲ್ಲ ಅಂದರೆ, ಕೂಲಿ ದುಡಿಮೆಗೆ, ಬಿದ್ದು ಸಾಯುವುದಕ್ಕಲ್ಲ.

ಮೊನ್ನೆ ರೈಲಿನ ಕಿಟಕಿಯಿಂದ ಯಾವುದೋ ಹೊಸ ಕಟ್ಟಡದ ಕೆಲಸ ಕಂಡಿತು. ಸಾರ್ವೆ ಮೇಲೆ ಒಬ್ಬರು ಸೇಫ್ಟಿ ಬೆಲ್ಟಿನ ಕೊಕ್ಕೆ ಬಿಚ್ಚಿ, ಎರಡು ಹೆಜ್ಜೆ ಸರಿದು, ಮತ್ತೆ ಸಿಕ್ಕಿಸಿಕೊಂಡರು. ಆ ಎರಡು ಹೆಜ್ಜೆ ಅವರು ಬರೀ ಕಾಲ ಮೇಲೆ ನಿಂತಿದ್ದರು. ಎರಡು ಕೊಕ್ಕೆ ಇರುವ ಬೆಲ್ಟ್ ಕೊಟ್ಟರೆ ಒಂದನ್ನು ಬಿಚ್ಚುವಾಗ ಇನ್ನೊಂದು ಹಿಡಿದಿರುತ್ತೆ. ಅಷ್ಟನ್ನೂ ಮಾಡದೆ ಊರಿಗೆ ಒಳ್ಳೆಯದು ಅಂದರೆ ಅವರು ಯಾಕೆ ಒಪ್ಪಬೇಕು? ಎಲ್ಲ ಎಚ್ಚರ ವಹಿಸಿದ ಮೇಲೂ ಆಗುವ ಅಪಘಾತ ಬೇರೆ, ಇದು ಬೇರೆ.

ರೈಲಿಗೆ ಐದಕ್ಕೆ ಐದು. ಮುಂದಿನ ಮಾರ್ಗಗಳು ಕಟ್ಟುವಾಗ ಆ ಎರಡನೇ ಕೊಕ್ಕೆಗೆ ಅಂತ ಟಿಕೆಟ್ ಮೇಲೆ ಎರಡು ರೂಪಾಯಿ ಜಾಸ್ತಿ ಕೇಳಿದರೆ ನಾನು ಕೊಡುತ್ತೇನೆ.