ಸಂಯೋಜನೆ ಕಲಿಯುವವರಿಗೆ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯ

ಒಂದು ಚಿತ್ರ ನಮ್ಮ ಕಣ್ಣನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ತಿಳಿಯಬಯಸುವವರು ಬೆಂಗಳೂರಿನಲ್ಲಿ ಮೊದಲು ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ, ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯಕ್ಕೆ ಎಂದೇ ನಾನು ಹೇಳುತ್ತೇನೆ. 1960ರಲ್ಲಿ ಆರಂಭವಾಗಿ, ಎಂ. ಎಸ್. ನಂಜುಂಡರಾವ್ ಅವರ ದುಡಿಮೆಯಿಂದ ಬೆಳೆದ ಈ ಸಂಸ್ಥೆಯಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲುಗೊಂಬೆಗಳು, ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ ಮಗನ ವರ್ಣಚಿತ್ರಗಳು ಮತ್ತು ಕೆ. ಕೆ. ಹೆಬ್ಬಾರರ ಕೃತಿಗಳು ಒಂದೇ ಆವರಣದಲ್ಲಿ ನೋಡಸಿಗುತ್ತವೆ. ರೇಖೆ, ಆಕಾರ, ಬಣ್ಣ, ಸಮತೋಲನ ಎಂಬ ಅವೇ ಮೂಲಾಂಶಗಳನ್ನು ಈ ಪರಂಪರೆಗಳು ಎಷ್ಟು ಬೇರೆಬೇರೆ ರೀತಿಯಲ್ಲಿ ಬಳಸುತ್ತವೆ ಎಂಬುದನ್ನು ಒಂದೇ ಬೆಳಗಿನಲ್ಲಿ ಹೋಲಿಸಿ ನೋಡಬಹುದು.

ಈಗ ಸಂಯೋಜನೆಯ, ಅಂದರೆ ಚಿತ್ರದೊಳಗೆ ಆಕಾರಗಳನ್ನು ಜೋಡಿಸುವ ಕಲೆಯ, ಪಾಠಗಳೆಲ್ಲ ಸಾಮಾನ್ಯವಾಗಿ ಮೂರನೇ ಒಂದರ ನಿಯಮದಿಂದ ಆರಂಭವಾಗುತ್ತವೆ: ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡಿ, ಮುಖ್ಯ ವಸ್ತುವನ್ನು ನಟ್ಟನಡುವೆ ಇಡದೆ ಆ ಗೆರೆಗಳ ಮೇಲೆ ಇಡಬೇಕು ಎಂಬುದು ಅದು. ಮೊಬೈಲ್ ಕ್ಯಾಮೆರಾದ ಪರದೆಯ ಮೇಲೆ ಮೂಡುವ ಚೌಕಗಳೂ ಅದನ್ನೇ ಹೇಳುತ್ತವೆ. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಅದಕ್ಕೆ ಹೆಸರು ಕೊಟ್ಟದ್ದು ಭೂದೃಶ್ಯ ಚಿತ್ರಗಳ ಕುರಿತು ಬರೆಯುವಾಗ. ಆ ಸಲಹೆಯನ್ನು ಎಲ್ಲ ಚಿತ್ರಗಳಿಗೂ ಶಾಸನವೆಂಬಂತೆ ಕಲಿಸುವುದನ್ನು ನಾನು ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣ ಮೈಸೂರು ಶೈಲಿಯ ಚಿತ್ರಗಳ ಮುಂದೆ ನಿಂತೊಡನೆ ತಿಳಿಯುತ್ತದೆ. ಈ ಶೈಲಿಯ ಮೆಚ್ಚಿನ ವಸ್ತುವಾದ ಶ್ರೀರಾಮ ಪಟ್ಟಾಭಿಷೇಕದಲ್ಲಿ ಸಿಂಹಾಸನ ನಟ್ಟನಡುವೆ ಇರುತ್ತದೆ. ಪರಿವಾರ ಎರಡೂ ಬದಿಯಲ್ಲಿ ಸರಿತೂಗುವಂತೆ ನಿಂತಿರುತ್ತದೆ. ಮಕ್ಕಿ ಸಫೇದ ಎಂಬ ಲೇಪದಿಂದ ತುಸುವೇ ಉಬ್ಬಿಸಿ ಮೇಲೆ ಚಿನ್ನದ ರೇಕು ಹಚ್ಚಿದ ಆಭರಣ ಮತ್ತು ಕಮಾನುಗಳು ಕಣ್ಣನ್ನು ಮತ್ತೆ ಮತ್ತೆ ನಡುವಿಗೇ ಕರೆತರುತ್ತವೆ. ಪೂಜೆಗೆ ಕುಳಿತವರ ದೃಷ್ಟಿ ಅತ್ತಿತ್ತ ಅಲೆಯದೆ ದೇವರ ಮುಖದಲ್ಲಿ ನೆಲೆಗೊಳ್ಳಬೇಕೆಂಬ ಉದ್ದೇಶಕ್ಕೆ ಈ ಸಮಮಿತಿ ಎಷ್ಟು ಸಹಜವಾಗಿ ಒದಗಿದೆ!

ರೋರಿಕ್ ಅವರ ಚಿತ್ರಗಳಿಗೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡ ನಿಕೊಲಸ್ ರೋರಿಕ್ ಹಿಮಾಲಯವನ್ನು ಟೆಂಪೆರಾ (ಮೊಟ್ಟೆ ಅಥವಾ ಅಂಟಿನಲ್ಲಿ ಕಲಸಿದ) ಬಣ್ಣದಲ್ಲಿ ಚಿತ್ರಿಸಿದರು. ಅವರ ಮಗ ಸ್ವೆತಸ್ಲಾವ್ ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿದವರು. ತಂದೆಯ ಪರ್ವತಗಳಲ್ಲಿ ವಿವರಗಳು ಕಡಿಮೆ. ಒಂದರ ಹಿಂದೊಂದು ನಿಂತ ಬಣ್ಣದ ಪದರಗಳೇ ದೂರವನ್ನು ಹೇಳುತ್ತವೆ. ಗಾಳಿಯಲ್ಲಿ ಬೆಳಕು ಚದುರುವುದರಿಂದ ದೂರದ ಬೆಟ್ಟ ನೀಲಿಗೆ ತಿರುಗಿ, ಬೆಳಕು ನೆರಳಿನ ಅಂತರ ಅಳಿಸುತ್ತಾ ಹೋಗುವುದನ್ನು ನಂದಿ ಬೆಟ್ಟದ ಮೇಲಿಂದ ನೋಡಿದವರೆಲ್ಲ ಬಲ್ಲರು. ಇಲ್ಲಿ ಕಣ್ಣನ್ನು ಅರೆಮುಚ್ಚಿ ನೋಡುವುದು ಒಳ್ಳೆಯ ಅಭ್ಯಾಸ: ಸಣ್ಣ ವಿವರಗಳು ಮರೆಯಾಗಿ ಗಾಢ ಮತ್ತು ತೆಳು ಭಾಗಗಳ ದೊಡ್ಡ ಹಂಚಿಕೆ ಮಾತ್ರ ಉಳಿಯುತ್ತದೆ, ಮತ್ತು ಚಿತ್ರ ನಿಂತಿರುವುದೇ ಆ ಹಂಚಿಕೆಯ ಮೇಲೆ ಎಂಬುದು ಮನದಟ್ಟಾಗುತ್ತದೆ.

ತೊಗಲುಗೊಂಬೆಗಳು ಕಲಿಸುವುದು ಬೇರೆ ಪಾಠ. ಪರದೆಯ ಹಿಂದಿನ ಬೆಳಕಿಗಾಗಿ ಮಾಡಿದ ಇವುಗಳಲ್ಲಿ, ಚರ್ಮದಲ್ಲಿ ಕೊರೆದ ರಂಧ್ರಗಳೇ ಒಡವೆಯಾಗಿ, ವಸ್ತ್ರದ ಅಂಚಾಗಿ ಹೊಳೆಯುತ್ತವೆ; ತೆಗೆದುಹಾಕಿದ ಭಾಗವೂ ಉಳಿಸಿದ ಭಾಗದಷ್ಟೇ ಕೆಲಸ ಮಾಡುತ್ತದೆ. ರಾಜ ಮತ್ತು ದೇವತೆಗಳ ಗೊಂಬೆ ದೊಡ್ಡದು, ಸೇವಕರದ್ದು ಚಿಕ್ಕದು. ಇಲ್ಲಿ ಗಾತ್ರ ಹೇಳುವುದು ದೂರವನ್ನಲ್ಲ, ಪಾತ್ರದ ಸ್ಥಾನವನ್ನು. ಹೆಬ್ಬಾರರಲ್ಲಿ ನೋಡಬೇಕಾದದ್ದು ರೇಖೆ: ನೃತ್ಯದ ಚಲನೆಯನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಾರೆ.

ಎಲ್ಲ ವಿಭಾಗಗಳನ್ನೂ ಒಮ್ಮೆಗೇ ಮುಗಿಸಲು ಹೊರಡಬೇಡಿ, ಎರಡು ಸಾಕು. ಚಿಕ್ಕ ಪುಸ್ತಕ ಮತ್ತು ಪೆನ್ಸಿಲ್ ಜೊತೆಗಿರಲಿ, ಇಷ್ಟವಾದ ಚಿತ್ರದ ಮುಖ್ಯ ಆಕಾರಗಳನ್ನಷ್ಟೇ ಬೆಂಕಿಪೊಟ್ಟಣದ ಅಳತೆಯಲ್ಲಿ ಗುರುತಿಸಿಕೊಳ್ಳಿ. ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುವ, ಕಲಾವಿದರು ತಮ್ಮ ಚಿತ್ರಗಳನ್ನು ಮಾರುವ ಚಿತ್ರಸಂತೆಯ ದಿನ ರಸ್ತೆಯೇ ಜನರಿಂದ ತುಂಬಿರುತ್ತದೆ; ಆ ಸಂಭ್ರಮಕ್ಕೆ ಖಂಡಿತ ಹೋಗಿ, ಆದರೆ ಸಂಗ್ರಹಾಲಯಕ್ಕೆ ಬೇರೊಂದು ದಿನ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದೊಯ್ಯುವವರು ತೊಗಲುಗೊಂಬೆಗಳಿಂದ ಆರಂಭಿಸುವುದು ಒಳ್ಳೆಯದು.